ಒತ್ತಿದೆ, ಆದರೆ ಫೋಟೋ ಎಲ್ಲಿ?

ಮಕ್ಕಳೇ, ಕಂಪ್ಯೂಟರ್ ಪರದೆಯ ಮೇಲೆ ಕಾಣುವುದನ್ನು ಇದ್ದ ಹಾಗೇ ಚಿತ್ರವಾಗಿ ಹಿಡಿದಿಡುವುದೇ ಸ್ಕ್ರೀನ್‌ಶಾಟ್. ನಿಮಗೆ ಇದು ಹೊಸದಲ್ಲ. ಆದರೆ ಬೇಕಾದ ಹೊತ್ತಿಗೇ ಅದು ಕೈಕೊಟ್ಟರೆ? ಹೋದ ತಿಂಗಳು ನನಗೂ ನನ್ನ ಮೊಮ್ಮಗಳಿಗೂ ಹಾಗೇ ಆಯಿತು.

ನನ್ನ ಅಕ್ಕನಿಗೆ ಈಗ 84 ವರ್ಷ. ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿದ್ದಾಳೆ. ಅವಳು ಮದುವೆಯಾಗಿ ಹೋಗಿದ್ದು ಹಳೆಯ ಸೂಪಾ ಊರಿಗೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಆ ಊರು ನೀರಿನಡಿ ಹೋಯಿತು. ಅಲ್ಲಿದ್ದ ಮನೆಯ ಒಂದೇ ಒಂದು ಫೋಟೋ ಅಕ್ಕನ ಬಳಿ ಉಳಿದಿದೆ. ಒಂದು ಭಾನುವಾರ ದಾಂಡೇಲಿಯ ನಮ್ಮ ಮನೆಯಿಂದ ವಿಡಿಯೋ ಕಾಲ್ ಮಾಡಿದಾಗ, ಅದನ್ನು ಎತ್ತಿ ಹಿಡಿದು ಜಗಲಿಯ ಮೇಲೆ ನಿಂತವರ ಹೆಸರು ಹೇಳತೊಡಗಿದಳು. ಈಚೆಗೆ ಅವಳಿಗೆ ಮರೆವು. ಅಂದು ಮಾತ್ರ ಒಂದು ಹೆಸರೂ ತಪ್ಪಲಿಲ್ಲ.

"ದೊಡ್ಡಜ್ಜಿಯೂ ಮನೆಯೂ ಒಟ್ಟಿಗೇ ಬರಬೇಕು ಅಜ್ಜಾ" ಎನ್ನುತ್ತ ಮೊಮ್ಮಗಳು ಪ್ರಿಂಟ್ ಸ್ಕ್ರೀನ್ ಕೀ ಒತ್ತಿದಳು. ಸದ್ದೂ ಇಲ್ಲ, ಸುದ್ದಿಯೂ ಇಲ್ಲ. ಅಷ್ಟರಲ್ಲಿ ಕಾಲ್ ಕಟ್ಟಾಯಿತು. "ಈ ಲ್ಯಾಪ್‌ಟಾಪ್ ಹಾಳಾಗಿದೆ" ಎಂದು ಅವಳು ಅಳುವುದೊಂದೇ ಬಾಕಿ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಒಂದೊಂದೇ ವೋಚರ್ ತೆಗೆದು ಟಿಕ್ ಹಾಕುತ್ತ ಹೋಗುತ್ತಿದ್ದೆವು. "ಬಾ, ಇದನ್ನೂ ಹಾಗೇ ಹುಡುಕೋಣ" ಎಂದೆ.

ಮೊದಲ ಪ್ರಶ್ನೆ: ಚಿತ್ರ ನಿಜವಾಗಿಯೂ ಬಂದಿಲ್ಲವೇ? ಡಾಸ್ ಕಾಲದಲ್ಲಿ ಈ ಕೀ ಪರದೆಯ ಅಕ್ಷರಗಳನ್ನು ನೇರವಾಗಿ ಪ್ರಿಂಟರಿಗೆ ಕಳಿಸುತ್ತಿತ್ತು. ಹೆಸರು ಬಂದದ್ದೇ ಹಾಗೆ. ಆಮೇಲೆ ಬಂದ ವಿಂಡೋಸ್‌ನ ಹಲವು ಆವೃತ್ತಿಗಳಲ್ಲಿ ಅದು ಚಿತ್ರವನ್ನು ಸದ್ದಿಲ್ಲದೆ ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಜಾಗದಲ್ಲಿ ಇಡುತ್ತದೆ. ಪೇಂಟ್ ತೆರೆದು ಕಂಟ್ರೋಲ್ ಮತ್ತು ವಿ ಒಟ್ಟಿಗೆ ಒತ್ತಿದರೆ ಕಾಣಬೇಕು. ಒತ್ತಿದೆವು, ಕಾಣಲಿಲ್ಲ.

ಎರಡನೆಯದು: ಕೀ ಕೆಟ್ಟಿದೆಯೇ, ಪ್ರೋಗ್ರಾಮ್ ಕೆಟ್ಟಿದೆಯೇ? ವಿಂಡೋಸ್, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದೆವು. ಪರದೆ ಮಂಕಾಗಿ, ಬೇಕಾದಷ್ಟು ಭಾಗ ಆರಿಸಲು ಗುರುತು ಬಂತು. ಅಂದರೆ ಪ್ರೋಗ್ರಾಮ್ ಸರಿಯಿದೆ, ತೊಂದರೆ ಕೀ ಕಡೆಯದು!

ಮೂರನೆಯದು: ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ, ಹಾಗಾಗಿ ಕೆಲವು ಕೀಗಳಿಗೆ ಎರಡೆರಡು ಕೆಲಸ. ಮೊಮ್ಮಗಳು ಕೀ ಹತ್ತಿರ ಬಗ್ಗಿ ನೋಡಿದಳು. "ಅಜ್ಜಾ, ಇದರ ಮೇಲೆ ಇನ್ನೊಂದು ಹೆಸರೂ ಇದೆ!" ಎಫ್‌ಎನ್ ಎಂಬ ಕೀ ಹಿಡಿದುಕೊಂಡು ಪ್ರಿಂಟ್ ಸ್ಕ್ರೀನ್ ಒತ್ತಿದಳು. ಪೇಂಟ್‌ನಲ್ಲಿ ಚಿತ್ರ ಬಂತು. ಕೀ ಕೆಟ್ಟಿರಲೇ ಇಲ್ಲ.

ನಿಮ್ಮ ಮನೆಯಲ್ಲಿ ಇಷ್ಟಕ್ಕೂ ಬಗೆಹರಿಯದಿದ್ದರೆ ಇನ್ನೂ ದಾರಿಗಳಿವೆ. ವಿಂಡೋಸ್ ಕೀ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರವು ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರಿಗೆ ಹೋಗುತ್ತದೆ, ಅಲ್ಲಿ ಹುಡುಕಿ. ಒನ್‌ಡ್ರೈವ್ ಬಳಸುವವರು ಅದರೊಳಗೂ ನೋಡಿ. ಒಮ್ಮೆ ರೀಸ್ಟಾರ್ಟ್ ಮಾಡಿ, ಅಪ್‌ಡೇಟ್ ಹಾಕಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಸ್ನಿಪ್ಪಿಂಗ್ ಟೂಲ್ ಹುಡುಕಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮೊದಲು ರಿಪೇರ್, ಆಗದಿದ್ದರೆ ರೀಸೆಟ್ ಒತ್ತಿ. ಕೆಲವು ಸಿನಿಮಾ ಆ್ಯಪ್‌ಗಳಲ್ಲಿ ಚಿತ್ರ ಬರೀ ಕಪ್ಪಾಗಿ ಬರುತ್ತದೆ. ಅದು ದೋಷವಲ್ಲ, ನಕಲು ತಡೆಯಲು ಹಾಕಿದ ಬೀಗ.

ಒಮ್ಮೊಮ್ಮೆ ತಪ್ಪು ನಮ್ಮದಾಗಿರುವುದೇ ಇಲ್ಲ. 2021ರ ಅಕ್ಟೋಬರ್ 31ಕ್ಕೆ ಮೈಕ್ರೋಸಾಫ್ಟ್‌ನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು, ವಿಂಡೋಸ್ 11 ಇದ್ದ ಕೆಲವು ಕಂಪ್ಯೂಟರ್‌ಗಳಲ್ಲಿ ಸ್ನಿಪ್ಪಿಂಗ್ ಟೂಲ್ ತೆರೆಯದಾಯಿತು. ಮೂರು ತಿಂಗಳು ದಾಟಿದ ಚೆಕ್ಕಿನ ಕಥೆಯಂತೆ! ಆಗ ಕಂಪನಿಯೇ ಕೊಟ್ಟ ಸಲಹೆ ಏನು ಗೊತ್ತೇ? ಪ್ರಿಂಟ್ ಸ್ಕ್ರೀನ್ ಒತ್ತಿ, ಪೇಂಟ್‌ನಲ್ಲಿ ಪೇಸ್ಟ್ ಮಾಡಿ ಎಂದು.

ಅಜ್ಜ-ಅಜ್ಜಿಯರಿಗೊಂದು ಮಾತು. ಪಾಸ್‌ವರ್ಡ್, ಒಟಿಪಿ ಇರುವ ಪರದೆಯ ಚಿತ್ರ ಹಿಡಿದು ಯಾರಿಗೂ ಕಳಿಸಬೇಡಿ.

ಮುಂದಿನ ಭಾನುವಾರ ಮತ್ತೆ ಕಾಲ್ ಮಾಡಿದೆವು. ಅಕ್ಕ ಫೋಟೋ ಹಿಡಿದಳು, ಮೊಮ್ಮಗಳು ಎರಡು ಕೀ ಒತ್ತಿದಳು, ಕೂಡಲೇ ಪೇಂಟ್‌ನಲ್ಲಿ ಹಾಕಿ ಸೇವ್ ಮಾಡಿದಳು. ಈ ಸಲ ಅಕ್ಕನಿಗೆ ಎರಡು ಹೆಸರು ನೆನಪಾಗಲಿಲ್ಲ. ಹೋದ ವಾರ ಕೇಳಿದ್ದು ಮೊಮ್ಮಗಳಿಗೆ ನೆನಪಿತ್ತು, ಅವಳೇ ಹೇಳಿಕೊಟ್ಟಳು. "ಹೌದು ಹೌದು, ಅವರೇ" ಎಂದು ಅಕ್ಕ ನಕ್ಕಳು. ಪ್ರಿಂಟ್ ಹಾಕಿಸಿದ ಚಿತ್ರದ ಹಿಂದೆ ಎಲ್ಲರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ.