ಅಚ್ಚಾಗದ ಅಕ್ಷರಗಳು

1960ರ ದಶಕದ ನಡುಭಾಗ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೋಣೆಯಲ್ಲಿ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ಟೆಲಿಟೈಪ್ 33 ಯಂತ್ರದ ಮೋಟಾರು ಗುಂಯ್‌ಗುಡುತ್ತಿದೆ. ಪರದೆ ಇಲ್ಲ, ವಿದ್ಯಾರ್ಥಿಯ ಮುಂದಿರುವುದು ಕಾಗದದ ಸುರುಳಿ. ಅಕ್ಷರ ಕೊರೆದ ಪುಟ್ಟ ಉರುಳೆ ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ. ಹಿಂದಿನಿಂದ ಸುತ್ತಿಗೆ ಬಡಿಯುತ್ತದೆ. ಸೆಕೆಂಡಿಗೆ ಹತ್ತು ಅಕ್ಷರ, ಎಲ್ಲವೂ ದೊಡ್ಡಕ್ಷರ.

ಸಾಲು ತುಂಬಿತು. ಈಗ ತಂತಿಯಲ್ಲಿ ಬಂದ ಸಂಕೇತ 13. ಕಾಗದದ ಮೇಲೆ ಏನೂ ಮೂಡಲಿಲ್ಲ. ಅಚ್ಚಿನ ಗಾಡಿ ಸರ್ರನೆ ಎಡತುದಿಗೆ ಓಡಿತು. ಅದರ ಬೆನ್ನಿಗೇ 10. ಕಾಗದ ಒಂದು ಸಾಲು ಮೇಲೆ ಸರಿಯಿತು. ಈ ಅನುಕ್ರಮ ಸುಮ್ಮನೆ ಬಂದದ್ದಲ್ಲ. ಬಲತುದಿಯಿಂದ ಎಡಕ್ಕೆ ಬರಲು ಗಾಡಿಗೆ ಒಂದು ಅಕ್ಷರದ ಸಮಯ ಸಾಲದು. ಅದು ಓಡುತ್ತಿರುವಾಗಲೇ ಕಾಗದ ಸರಿಸಿಬಿಟ್ಟರೆ ಮುಂದಿನ ಅಕ್ಷರ ಬರುವಷ್ಟರಲ್ಲಿ ಗಾಡಿ ಮನೆ ಸೇರಿರುತ್ತದೆ. ತಡವಾದರೆ ಆ ಅಕ್ಷರ ಸಾಲಿನ ನಡುವೆಲ್ಲೋ ಕಲೆಯಾಗಿ ಬೀಳುತ್ತಿತ್ತು.

1963ರಲ್ಲಿ ಹೊರಬಂದು 1967ರಲ್ಲಿ ಪರಿಷ್ಕೃತವಾದ, ಅಕ್ಷರಗಳಿಗೆ ಸಂಖ್ಯೆ ಗೊತ್ತುಪಡಿಸುವ ಆಸ್ಕಿ ಪಟ್ಟಿಯಲ್ಲಿ 128 ಸ್ಥಾನಗಳು. ಅವುಗಳಲ್ಲಿ 33 ಇಂಥ ನಿಯಂತ್ರಣ ಸಂಕೇತಗಳು, ಓದುವುದಕ್ಕಲ್ಲ, ಯಂತ್ರದಿಂದ ಕೆಲಸ ಮಾಡಿಸುವುದಕ್ಕೆ. 7 ಬಂದರೆ ಯಂತ್ರದೊಳಗಿನ ಲೋಹದ ಗಂಟೆ ಠಣ್ಣೆನ್ನುತ್ತದೆ. 5 ಎಂದರೆ ‘ನೀನು ಯಾರು?’, ಆಚೆ ತುದಿಯ ಯಂತ್ರ ತನ್ನ ಗುರುತನ್ನು ತಾನೇ ಟೈಪಿಸಿ ಕಳಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 127. ಯಂತ್ರದ ಎಡಬದಿಯಲ್ಲಿ ಕಾಗದದ ಪಟ್ಟಿಗೆ ತೂತು ಕೊರೆಯುವ ಸಲಕರಣೆ ಇದೆ. ಒಂದೊಂದು ಅಕ್ಷರಕ್ಕೂ ಒಂದೊಂದು ಬಗೆಯ ತೂತುಗಳ ಸಾಲು. ತಪ್ಪು ಒತ್ತಿದರೆ ತೂತು ಮುಚ್ಚಲು ಬರುವುದಿಲ್ಲ. ಹಾಗಾಗಿ ಪಟ್ಟಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಅದೇ ಜಾಗದಲ್ಲಿ ಸಂಕೇತದ ಏಳೂ ಸ್ಥಾನಗಳಿಗೆ ತೂತು ಹೊಡೆಯುತ್ತಾರೆ. ಏಳೂ ತೂತು ಕಂಡರೆ ಅಲ್ಲಿ ಅಕ್ಷರವೇ ಇಲ್ಲವೆಂದು ಲೆಕ್ಕ. ದ್ವಿಮಾನದಲ್ಲಿ 127 ಎಂದರೆ ಏಳು ಒಂದುಗಳು; ಅಳಿಸುವ ಸಂಕೇತ ಆಸ್ಕಿ ಪಟ್ಟಿಯ ಕೊನೆಗೆ ಹೋಗಿ ಕೂತದ್ದು ಇದಕ್ಕೇ. ಎಂಥ ಚೆಲುವಾದ ಯೋಚನೆ!

ಗಾಡಿ, ಉರುಳೆ, ಗಂಟೆ ಎಲ್ಲ ಹೋದವು. ಆದರೂ ವಿಂಡೋಸ್‌ನ ಪಠ್ಯ ಕಡತಗಳಲ್ಲಿ ಸಾಲು ಮುಗಿಯುವುದು ಇಂದಿಗೂ 13 ಮತ್ತು 10ರಿಂದಲೇ. ಲಿನಕ್ಸ್‌ಗೆ 10 ಒಂದೇ ಸಾಕು. 2018ರವರೆಗೂ ಲಿನಕ್ಸ್‌ನ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದವು.

ಆ 33ರ ಸಾಲಿಗೆ ಸೇರದಿದ್ದರೂ ಅದೇ ಸ್ವಭಾವದ ಎರಡು ಸಂಕೇತಗಳು ಕನ್ನಡಕ್ಕೆ ಬೇಕೇಬೇಕು: ಯೂನಿಕೋಡ್‌ನ 200ಸಿ ಮತ್ತು 200ಡಿ. ಮೊದಲನೆಯದು ‘ಡಾರ್ಟ್‌ಮತ್’ ಎಂಬ ಹೆಸರೊಳಗೇ ಕೂತಿದೆ; ತೆಗೆದರೆ ‘ಮ’ ಒತ್ತಾಗಿ ಕೆಳಗಿಳಿದು ‘ಡಾರ್ಟ್ಮತ್’ ಆಗುತ್ತದೆ. ಎರಡನೆಯದಿಲ್ಲದಿದ್ದರೆ ‘ರ‍್ಯಾಂಕ್’ನ ರಕಾರ ‘ಸೂರ್ಯ’ದಲ್ಲಿರುವಂತೆ ಅರ್ಕಾವತ್ತಾಗಿ ಬಲಕ್ಕೆ ಹಾರುತ್ತದೆ. ಪಠ್ಯವನ್ನು ಶುಚಿಗೊಳಿಸುವ ತಂತ್ರಾಂಶಗಳು ಕಣ್ಣಿಗೆ ಕಾಣದ್ದನ್ನೆಲ್ಲ ಕಸವೆಂದು ಗುಡಿಸುವುದುಂಟು. ಅಂಥ ತಂತ್ರಾಂಶ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕನ್ನಡದ ಕಡತಕ್ಕೆ ಕೈಹಾಕುವಾಗ ಈ ಎರಡನ್ನು ಉಳಿಸಿ.