ನಿಮಗಿದು ಗೊತ್ತೇ? ಜೀವಕೋಶದ ಕರೆಂಟು, ತೆಂಗಿನ ಪೊಟ್ಯಾಷ್

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ, ಅಮೃತಮಹಲ್ ಹೋರಿ, ಅದನ್ನು ಮೇಯಿಸುವ ಮನುಷ್ಯ. ಇವರಲ್ಲಿ ಯಾರ ಜೀವಕೋಶವನ್ನೇ ನೋಡಿ, ಪೊರೆಯ ಒಳಬದಿ ಋಣ ಆವೇಶ, ಹೊರಬದಿ ಧನ ಆವೇಶ. ಈ ವ್ಯತ್ಯಾಸ ತಾನಾಗಿ ಉಳಿಯುವುದಿಲ್ಲ. ಕೋಶ ಅದಕ್ಕಾಗಿ ಹಗಲೂ ರಾತ್ರಿ ದುಡಿಯುತ್ತದೆ.

● ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ. ಮೈಯ ಸ್ನಾಯುವಿನಲ್ಲಿ ಇದು 90, ಕೆಂಪು ರಕ್ತಕಣದಲ್ಲಿ 10ರ ಆಸುಪಾಸು. ಗಿಡಮರಗಳು ನಮ್ಮನ್ನು ಮೀರಿಸುತ್ತವೆ. ಅವುಗಳ ಕೋಶಗಳಲ್ಲಿ 120ರಿಂದ 200 ಮಿಲಿವೋಲ್ಟ್ ಸಾಮಾನ್ಯ.

● ಟಾರ್ಚಿನ ಒಂದು ಶೆಲ್ಲಿನ ಒಂದೂವರೆ ವೋಲ್ಟ್ ಮುಂದೆ 70 ಮಿಲಿವೋಲ್ಟ್ ಏನೇನೂ ಅಲ್ಲ ಅನ್ನಿಸುತ್ತದೆ. ಆದರೆ ಪೊರೆಯ ದಪ್ಪ ಏಳೆಂಟು ನ್ಯಾನೋಮೀಟರ್ ಮಾತ್ರ. ಮೀಟರ್ ಲೆಕ್ಕಕ್ಕೆ ತಂದರೆ ಒಂದು ಕೋಟಿ ವೋಲ್ಟ್ ಆಗುತ್ತದೆ! ಗಾಳಿಯಲ್ಲಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಆದರೆ ಸಾಕು, ಕಿಡಿ ಹಾರುತ್ತದೆ.

● ಪ್ರಾಣಿಗಳ ಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನ್ ಪಂಪು ಒಂದು ಸಲಕ್ಕೆ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಖರ್ಚು ಕೋಶದ ಇಂಧನವಾದ ಎಟಿಪಿಯ ಒಂದು ಅಣು. ಹೀಗಾಗಿ ಪೊಟ್ಯಾಸಿಯಂ ಹೊರಗಿಗಿಂತ ಒಳಗೆ ಸುಮಾರು 30 ಪಟ್ಟು ಹೆಚ್ಚು. ಸೋಡಿಯಂನದು ತದ್ವಿರುದ್ಧ. ಹೊರಗೆ ಅದು ಹತ್ತು ಪಟ್ಟಿಗೂ ಹೆಚ್ಚು.

● ಆದರೆ ಈ ಪಂಪು ನೇರವಾಗಿ ಕೊಡುವುದು ಕೆಲವೇ ಮಿಲಿವೋಲ್ಟ್. ಉಳಿದದ್ದೆಲ್ಲ ಸೋರಿಕೆಯ ಕೊಡುಗೆ! ಪೊರೆಯಲ್ಲಿ ಸದಾ ತೆರೆದಿರುವ ಪೊಟ್ಯಾಸಿಯಂ ದಾರಿಗಳಿವೆ. ಒಳಗೆ ಕಿಕ್ಕಿರಿದ ಪೊಟ್ಯಾಸಿಯಂ ಅಲ್ಲಿಂದ ಜಿನುಗುತ್ತದೆ, ಹೋಗುವಾಗ ತನ್ನ ಧನ ಆವೇಶವನ್ನೂ ಒಯ್ಯುತ್ತದೆ, ಒಳಗೆ ಋಣ ಉಳಿಯುತ್ತದೆ. ಆ ಋಣವೇ ಪೊಟ್ಯಾಸಿಯಂ ಅನ್ನು ಹಿಂದಕ್ಕೆ ಎಳೆಯುತ್ತದೆ. ಎಳೆತ ಸೆಳೆತ ಸರಿದೂಗುವ ಹೊತ್ತಿಗೆ ವೋಲ್ಟೇಜು ನಿಂತಿರುತ್ತದೆ.

● 20 ಮೈಕ್ರೊಮೀಟರ್ ಅಗಲದ ಉರುಟು ಕೋಶವೊಂದರಲ್ಲಿ ಸುಮಾರು 35 ಸಾವಿರ ಕೋಟಿ ಪೊಟ್ಯಾಸಿಯಂ ಅಯಾನುಗಳಿರುತ್ತವೆ. 70 ಮಿಲಿವೋಲ್ಟ್ ಹುಟ್ಟಲು ಅವುಗಳಲ್ಲಿ 55 ಲಕ್ಷ ಆಚೆ ಹೋದರೆ ಸಾಕು. ಅಂದರೆ ಲಕ್ಷಕ್ಕೆ ಒಂದೆರಡು.

● ಸುಮ್ಮನೆ ಮಲಗಿರುವಾಗಲೂ ಮೈಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಈ ಪಂಪುಗಳಿಗೇ ಹೋಗುತ್ತದೆ. ಮಿದುಳಿನ ತೂಕ ದೇಹದ ನೂರಕ್ಕೆ ಎರಡು, ಖರ್ಚು ನೂರಕ್ಕೆ 20. ಅದರಲ್ಲೂ ದೊಡ್ಡ ಪಾಲು ಪಂಪಿನದೇ.

● ಪಂಪು ಸಿಕ್ಕಿದ್ದು ಏಡಿಯ ಕಾಲಿನಲ್ಲಿ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಯೆನ್ಸ್ ಸ್ಕೋ ಏಡಿಯ ಕಾಲಿನ ನರಗಳನ್ನು ಅರೆದು ನೋಡಿ 1957ರಲ್ಲಿ ಇದನ್ನು ಪ್ರಕಟಿಸಿದರು. ರಸಾಯನಶಾಸ್ತ್ರದ ನೊಬೆಲ್ ಬಂದದ್ದು 40 ವರ್ಷ ಕಳೆದ ಮೇಲೆ, 1997ರಲ್ಲಿ.

● ಅಜ್ಜಂಪುರದ ಕೆಂಪು ಈರುಳ್ಳಿಯ ಹೊರ ಎಸಳಿನಿಂದ ನೇರಳೆ ಬಣ್ಣದ ತೆಳು ಸಿಪ್ಪೆ ಎಬ್ಬಿಸಿ, ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ಗಟ್ಟಿ ಉಪ್ಪುನೀರು ಬಿಡಿ. ನೀರು ಹೊರಬಂದು, ನೇರಳೆ ಬಣ್ಣದ ಒಳಭಾಗ ಗೋಡೆ ಬಿಟ್ಟು ಮುದುಡುತ್ತದೆ. ಸಿಹಿನೀರು ಬಿಟ್ಟರೆ ಮತ್ತೆ ಉಬ್ಬುತ್ತದೆ, ಆದರೆ ಗೋಡೆ ಇರುವುದರಿಂದ ಒಡೆಯುವುದಿಲ್ಲ. ನಮ್ಮ ಕೋಶಕ್ಕೆ ಆ ಗೋಡೆ ಇಲ್ಲ. ಪಂಪು ಸೋಡಿಯಂ ಹೊರಹಾಕುತ್ತಿರುವುದರಿಂದಲೇ ಅದು ನೀರು ತುಂಬಿ ಒಡೆಯದೆ ಉಳಿದಿದೆ.

● ಪೂಜೆಗೆ ಕೊಯ್ಯುವ ಕಣಗಿಲೆಯ ವಿಷ ತಡೆಯುವುದು ಇದೇ ಪಂಪನ್ನು. ಹೃದಯದ ಕೋಶಗಳಲ್ಲಿ ಸೋಡಿಯಂ ಏರುತ್ತದೆ, ಅದರ ಹಿಂದೆ ಕ್ಯಾಲ್ಸಿಯಂ ಏರುತ್ತದೆ, ಬಡಿತ ತಾಳ ತಪ್ಪುತ್ತದೆ. ಎಲೆ ತಿಂದ ದನಗಳೂ ಇದರಿಂದ ಸಾಯುತ್ತವೆ. ಹೃದಯದ ಔಷಧಿ ಡಿಗಾಕ್ಸಿನ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಆ ಬಗೆಯ ಮದ್ದಿರುವ ಫಾಕ್ಸ್‌ಗ್ಲವ್ ಗಿಡದ ಬಗ್ಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಪುಸ್ತಕ ಬರೆದಿದ್ದರು.

● ರಕ್ತನಿಧಿಯ ಫ್ರಿಜ್ಜಿನ ತಂಪಿನಲ್ಲಿ ಪಂಪು ಬಹಳ ನಿಧಾನವಾಗುತ್ತದೆ, ಸೋರಿಕೆ ನಿಲ್ಲುವುದಿಲ್ಲ. ದಿನ ಕಳೆದಂತೆ ಕೆಂಪುಕಣಗಳ ಪೊಟ್ಯಾಸಿಯಂ ಚೀಲದ ದ್ರವಕ್ಕೆ ಇಳಿಯುತ್ತದೆ. ಆದ್ದರಿಂದ ಹಸುಗೂಸಿಗೆ ಹೆಚ್ಚು ರಕ್ತ ಕೊಡಬೇಕಾದಾಗ ಹೊಸ ರಕ್ತವನ್ನೇ ಹುಡುಕುತ್ತಾರೆ.

● ಗಿಡದ ಪಂಪು ಬೇರೆ. ಅದು ಸೋಡಿಯಂ ಬದಲು ಪ್ರೋಟಾನುಗಳನ್ನು ಹೊರದೂಡುತ್ತದೆ. ಒಳಗಿನ ಋಣ ಆವೇಶ ಮಣ್ಣಿನ ಪೊಟ್ಯಾಸಿಯಂ ಅನ್ನು ಬೇರಿನೊಳಕ್ಕೆ ಎಳೆಯುತ್ತದೆ. ಎಲೆಯ ರಂಧ್ರಗಳ ಕಾವಲು ಕೋಶಗಳಿಗೆ ಪೊಟ್ಯಾಸಿಯಂ ತುಂಬಿದರೆ ನೀರೂ ನುಗ್ಗಿ ರಂಧ್ರ ತೆರೆಯುತ್ತದೆ. ಬರ ಬಂದಾಗ ಪೊಟ್ಯಾಸಿಯಂ ಹೊರಗೆ ಹರಿದು ರಂಧ್ರ ಮುಚ್ಚುತ್ತದೆ.

● ಫಲ ಬಿಡುವ ತೆಂಗಿನಮರಕ್ಕೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್. ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಗೊಬ್ಬರದ ಲೆಕ್ಕದಲ್ಲಿ ಇದೊಂದೇ ಎರಡು ಕಿಲೋ! ಅಡಿಕೆಗೆ 100, 40, 140 ಗ್ರಾಂ. ಅಲ್ಲೂ ಪೊಟ್ಯಾಷೇ ಮುಂದೆ.

● ಮುಟ್ಟಿದರೆ ಮುನಿ ಮುನಿಯುವುದು ಕರೆಂಟಿನಿಂದ. ಮುಟ್ಟಿದ ಕೂಡಲೇ ವಿದ್ಯುತ್ ಅಲೆಯೊಂದು ಸೆಕೆಂಡಿಗೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಎಲೆಯ ಬುಡದ ಗಂಟಿನಲ್ಲಿ ಒಂದು ಬದಿಯ ಕೋಶಗಳು ಪೊಟ್ಯಾಸಿಯಂ, ಕ್ಲೋರೈಡ್ ಚೆಲ್ಲಿ ನೀರು ಕಳೆದುಕೊಳ್ಳುತ್ತವೆ, ಎಲೆ ಜೋತುಬೀಳುತ್ತದೆ. ಈ ಅಲೆಗಳನ್ನು ಅಳೆದ ಮೊದಲಿಗರಲ್ಲಿ ಒಬ್ಬರು ಜಗದೀಶಚಂದ್ರ ಬೋಸ್.

● ಕರು ಹಾಕಿದ ಹಸು ಕೆಲವೊಮ್ಮೆ ಇದ್ದಕ್ಕಿದ್ದಂತೆ ಎದ್ದು ನಿಲ್ಲಲಾರದೆ ಹೋಗುತ್ತದೆ. ಹಾಲುಜ್ವರ ಎಂಬ ಹೆಸರಿದ್ದರೂ ಮೈ ತಣ್ಣಗಿರುತ್ತದೆ. ಕ್ಯಾಲ್ಸಿಯಂ ಎಲ್ಲ ಹಾಲಿಗೆ ಹೋಗಿ, ನರದ ತುದಿಯಿಂದ ಸ್ನಾಯುವಿಗೆ ಸಂದೇಶ ದಾಟಲು ಬೇಕಾದಷ್ಟು ರಕ್ತದಲ್ಲಿ ಉಳಿದಿರುವುದಿಲ್ಲ. ಪಶುವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಇಳಿಸಿದರೆ ಎಷ್ಟೋ ಹಸುಗಳು ಸ್ವಲ್ಪ ಹೊತ್ತಿನಲ್ಲೇ ಏಳುತ್ತವೆ. ಬೇಗ ಬೇಗ ಕೊಟ್ಟರೆ ಹೃದಯಕ್ಕೇ ಅಪಾಯ.

● ನರ ಮಿಡಿಯುವಾಗ ತೆರೆದುಕೊಳ್ಳುವ ಪೊರೆಯ ಸೋಡಿಯಂ ಬಾಗಿಲನ್ನು ಕೆಂಪು ಚೇಳಿನ ವಿಷ ಮುಚ್ಚಲು ಬಿಡುವುದಿಲ್ಲ. ನರಗಳು ಒಂದೇ ಸಮನೆ ಮಿಡಿದು ಹೃದಯ ಸೋಲುತ್ತದೆ. ಇದಕ್ಕೆ ಪ್ರಾಜೋಸಿನ್ ಮಾತ್ರೆ ಕೊಟ್ಟು ಸಾವು ತಗ್ಗಿಸಿದವರು ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್. ಸೊಳ್ಳೆ ಬತ್ತಿಯ ಹೊಗೆಯೂ ಸೊಳ್ಳೆಯ ನರಗಳಲ್ಲಿ ಆ ಬಾಗಿಲು ಮುಚ್ಚಲು ಬಿಡುವುದಿಲ್ಲ. ಹಲ್ಲು ಕೀಳುವ ಮುನ್ನ ಕೊಡುವ ಇಂಜೆಕ್ಷನ್ನಿನದು ಉಲ್ಟಾ ಕೆಲಸ. ಅದು ಬಾಗಿಲು ತೆರೆಯಲು ಬಿಡುವುದಿಲ್ಲ.

● ನಮ್ಮ ಮೈಯ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗೇ ಇದೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಸರಿ. 6.5 ದಾಟಿದರೆ ಹೃದಯ ನಿಲ್ಲುವ ಭಯ. ಬೆಂಗಳೂರು-ಹೊನ್ನಾವರ (ಬಿ.ಎಚ್.) ರಸ್ತೆಯ ಬದಿಯಲ್ಲಿ ಕೊಚ್ಚಿಕೊಡುವ ಎಳನೀರಿನ 100 ಮಿಲಿಲೀಟರಿನಲ್ಲಿ ಪೊಟ್ಯಾಸಿಯಂ ಸುಮಾರು 200 ಮಿಲಿಗ್ರಾಂ. ಗಟ್ಟಿಮುಟ್ಟಾದ ಮೂತ್ರಪಿಂಡ ಇದನ್ನು ಸಲೀಸಾಗಿ ಹೊರಹಾಕುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು ಬೇಡ ಎನ್ನುವುದು ಇದಕ್ಕೇ.

● ವಾಂತಿಭೇದಿಗೆ ಎಳನೀರು ಕುಡಿಸಬಹುದು, ಆದರೆ ಒಆರ್‌ಎಸ್ ಬದಲಿಗೆ ಅಲ್ಲ. ಎಳನೀರಿನಲ್ಲಿ ಸೋಡಿಯಂ ಕಡಿಮೆ. ಕರುಳಿನ ಕೋಶ ಒಂದು ಗ್ಲೂಕೋಸ್ ಅಣುವನ್ನು ಒಳಗೆ ಬಿಡುವುದು ಎರಡು ಸೋಡಿಯಂ ಅಯಾನುಗಳ ಜೊತೆಗೆ, ಅವುಗಳ ಹಿಂದೆ ನೀರು ಬರುತ್ತದೆ. ಆ ಸೋಡಿಯಂ ಅನ್ನು ಒಳಕ್ಕೆ ಸೆಳೆಯುವುದು ಪಂಪು ದುಡಿದು ಇಟ್ಟ ವ್ಯತ್ಯಾಸ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸಿನ ಜೊತೆ 2.6 ಗ್ರಾಂ ಅಡುಗೆ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇದೆ. ಪೊಟ್ಟಣವನ್ನು ಅಳತೆಯ ನೀರಿಗೇ ಕದಡಿ. ನೀರು ಕಡಿಮೆ ಹಾಕಿ ಗಟ್ಟಿ ಮಾಡಿದರೆ ಉಪ್ಪು ಏರಿ ಮಗುವಿಗೆ ತೊಂದರೆಯೇ ಹೆಚ್ಚು.