ಯಾವ ಲೈನಿಗೂ ಸೇರದ ಹಾಡು

ಜಾನಪದ, ಬ್ಲೂಸ್, ಎಲೆಕ್ಟ್ರಾನಿಕ್ ಸದ್ದು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದವರು ಸ್ಕಾಟ್ಲೆಂಡ್‌ನ ‘ದಿ ಬೀಟಾ ಬ್ಯಾಂಡ್’ ಹುಡುಗರು. ಅವರ ‘ಡ್ರೈ ದ ರೇನ್’ ಕೇಳಿ: ಗಿಟಾರ್‌ನಿಂದ ನಿಧಾನಕ್ಕೆ ಶುರುವಾಗಿ, ಆರು ನಿಮಿಷ ಮುಗಿಯುವಷ್ಟರಲ್ಲಿ ಟ್ರಂಪೆಟ್‌ ಸೇರಿ ಜಾತ್ರೆಯೇ ನೆರೆಯುತ್ತದೆ. 2000ರ ‘ಹೈ ಫಿಡೆಲಿಟಿ’ ಸಿನಿಮಾದಲ್ಲಿ ರೆಕಾರ್ಡ್ ಅಂಗಡಿಯವ ಈ ಹಾಡು ಹಾಕಿದ್ದೇ ತಡ, ಗಿರಾಕಿಗಳು ತಲೆದೂಗುತ್ತಾರೆ. ಆದರೂ ಭಾರಿ ಹಿಟ್ ಒಂದೂ ಸಿಗದೆ 2004ರಲ್ಲಿ ಬ್ಯಾಂಡ್ ಒಡೆಯಿತು.

‘ಒಂದೇ ಲೈನ್ ಹಿಡಿಯೋ, ಇಲ್ಲಾಂದ್ರೆ ಪ್ಲೇಸ್‌ಮೆಂಟ್ ಕಷ್ಟ’ ಎನ್ನುತ್ತಾರೆ ಸೀನಿಯರ್‌ಗಳು. ಬಿಇ ಓದುವ ನನಗೋ ಸರ್ಕ್ಯೂಟೂ ಬೇಕು, ಡೊಳ್ಳೂ ಬೇಕು. ಬೆರೆಸುವವರು ಬೆಲೆ ತೆರಲೇಬೇಕು, ನಿಜ. ಆದರೆ ಸ್ಯಾಂಪ್ಲರ್ ನುಡಿಸುತ್ತಿದ್ದ ಜಾನ್ ಮ್ಯಾಕ್ಲೀನ್ ಮುಂದೆ ಸಿನಿಮಾ ನಿರ್ದೇಶಕರಾದರು. 2025ರಲ್ಲಿ ಬ್ಯಾಂಡ್ ಮತ್ತೆ ಒಂದಾಯಿತು. ಇಪ್ಪತ್ತು ವರ್ಷ ಕಳೆದರೂ ಹಾಡು ಹಳಸಿಲ್ಲ. ಸೀನಿಯರ್‌ಗಳಿಗೆ ನನ್ನ ಉತ್ತರ ಅದೇ.